ಗಾಳದ ದಾರದ ಕೊನೆಯ ಮೊಳ

ಫ್ಲೈ ಫಿಶಿಂಗ್ ಎಂಬುದು ಎರೆಹುಳುವಿನ ಬದಲು ಗರಿ, ರೋಮ, ನೂಲು ಸುತ್ತಿದ ಹುಸಿ ನೊಣವನ್ನು ಗಾಳಕ್ಕೆ ಕಟ್ಟಿ ಮೀನು ಹಿಡಿಯುವ ಕಲೆ. ಹುಸಿ ನೊಣಕ್ಕೆ ತೂಕವಿಲ್ಲ. ಸೀಸದ ಗುಂಡು ಕಟ್ಟಿದ ಗಾಳವನ್ನು ಬೀಸಿ ಎಸೆಯುವಂತೆ ಅದನ್ನು ಎಸೆಯಲಾಗದು. ಹಾಗಾಗಿ ಇಲ್ಲಿ ದಾರವೇ ತೂಕದ್ದಾಗಿರುತ್ತದೆ. ಕೋಲಿನ ಬೀಸಿಗೆ ದಾರ ಸುರುಳಿ ಬಿಚ್ಚುತ್ತ ಮುಂದೆ ಹೋಗಿ ನೊಣವನ್ನೂ ಎಳೆದೊಯ್ಯುತ್ತದೆ. ಆದರೆ ಅಷ್ಟು ದಪ್ಪದ ದಾರ ನೀರಿಗೆ ಬಿದ್ದರೆ ಮೀನು ಓಡಿಹೋಗುತ್ತದೆ. ಅದಕ್ಕಾಗಿ ದಾರಕ್ಕೂ ಗಾಳಕ್ಕೂ ನಡುವೆ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣಗಾಗುವ ಇನ್ನೊಂದು ಎಳೆಯನ್ನು ಸೇರಿಸುತ್ತಾರೆ. ಇದು ಲೀಡರ್. ಅದರ ತುದಿಗೆ ಗಂಟು ಹಾಕುವ, ನೊಣ ಬದಲಿಸಿದಾಗಲೆಲ್ಲ ಸವೆದು ಚಿಕ್ಕದಾಗುವ, ಮತ್ತೆ ಮತ್ತೆ ಹೊಸದಾಗಿ ಕಟ್ಟಬೇಕಾದ ಕೊನೆಯ ತೆಳು ತುಂಡು ಟಿಪ್ಪೆಟ್. ಇಡೀ ಸಾಧನದಲ್ಲಿ ಅತ್ಯಂತ ದುರ್ಬಲವಾದ ಭಾಗ ಇದೇ. ಮೀನು ಸಿಗುವುದೂ ತಪ್ಪುವುದೂ ಬಹುಮಟ್ಟಿಗೆ ಇಲ್ಲಿಯೇ ನಿರ್ಧಾರವಾಗುತ್ತದೆ.

ಹುಸಿ ನೊಣದ ಗಾಳ ಕರ್ನಾಟಕಕ್ಕೆ ಹೊರಗಿನಿಂದ ಬಂದದ್ದು. ದಾರದ ಕೊನೆಯ ಮೊಳವನ್ನು ಯಾವುದರಿಂದ ಮಾಡಬೇಕು, ಎಷ್ಟು ಸಣ್ಣ ಮಾಡಬೇಕು ಎಂಬ ಪ್ರಶ್ನೆ ಮಾತ್ರ ಇಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ವಿನೋದ ವಿಂಶತಿಯಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ. ಅರಸನ ಹೊತ್ತು ಕಳೆಯುವ ಆಟಗಳಲ್ಲಿ ಗಾಳ ಹಾಕುವುದನ್ನೂ ಸೇರಿಸಿ, ಅದರ ಕೋಲು, ದಾರ, ಗಾಳ, ಮೀನಿಗೆ ಹಾಕುವ ಮೇವು ಎಲ್ಲವನ್ನೂ ಅದು ಕ್ರಮವಾಗಿ ಹೇಳುತ್ತದೆ. ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸಿ, ಕಡಲಿನವು ಯಾವುವು ಹೊಳೆಯವು ಯಾವುವು, ಪೊರೆ ಇರುವವು ಯಾವುವು ಇಲ್ಲದವು ಯಾವುವು ಎಂದು ವಿಂಗಡಿಸುತ್ತದೆ. ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ವಿವರವಾಗಿ ಪರಿಚಯಿಸಿದ ಮೇಲೆ ಗಾಳದ ಇತಿಹಾಸ ಬರೆಯುವವರ ಕಣ್ಣಿಗೆ ಈ ಗ್ರಂಥ ಬಿತ್ತು. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಅಚ್ಚಾದ ಮೊದಲ ಪ್ರಬಂಧ 1496ರದು. ಅದಕ್ಕಿಂತ ಇದು ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಿನದು.

ಸೋಮೇಶ್ವರನ ರಾಜ್ಯದ ದೊಡ್ಡ ನಾಡುಗಳಲ್ಲಿ ಬನವಾಸಿ ಪನ್ನಿರ್ಛಾಸಿರವೂ ಒಂದು. ಬನವಾಸಿ ಇಂದು ಶಿರಸಿ ತಾಲೂಕಿನಲ್ಲಿದೆ. ಅದೇ ತಾಲೂಕಿನ ಘಟ್ಟದಂಚಿನ ಊರು ಮತ್ತಿಘಟ್ಟ. ಕಲ್ಯಾಣದ ಅರಮನೆಗೂ ಮತ್ತಿಘಟ್ಟದ ಹಳ್ಳಗಳಿಗೂ ನೇರ ಸಂಬಂಧ ಹುಡುಕುವುದು ಅತಿಯಾದೀತು. ಅರಸ ಮೀನು ಹಿಡಿದದ್ದು ವಿನೋದಕ್ಕೆ, ಘಟ್ಟದ ಜನ ಹಿಡಿದದ್ದು ಸಾರಿಗೆ. ವಿನೋದಕ್ಕೆ ಗಾಳ ಹಾಕುವವನು ಮೀನಿನ ಜಾತಿಗೆ ತಕ್ಕಂತೆ ಮೇವನ್ನೂ ದಾರವನ್ನೂ ಆರಿಸಬೇಕು ಎಂಬ ವಿಚಾರ ಈ ನಾಡಿನ ಅರಮನೆಯಲ್ಲಿ ಹನ್ನೆರಡನೆಯ ಶತಮಾನಕ್ಕೇ ಶಾಸ್ತ್ರವಾಗಿತ್ತು ಎಂಬಷ್ಟು ನಿಜ.

ಆರಿಸುವ ಲೆಕ್ಕ ಎಲ್ಲ ಕಡೆಯೂ ಒಂದೇ ಬಗೆಯದು. 1496ರ ಆ ಇಂಗ್ಲಿಷ್ ಪ್ರಬಂಧದಲ್ಲಿ ದಾರವೆಂದರೆ ಕುದುರೆಯ ಬಾಲದ ಕೂದಲು. ತೀರ ಚಿಕ್ಕ ಮೀನಿಗೆ ಒಂದೇ ಕೂದಲು, ದೊಡ್ಡದಕ್ಕೆ ಹೆಚ್ಚು, ಸಾಲ್ಮನ್ನಿಗೆ ಹದಿನೈದು ಕೂದಲು ಹುರಿಮಾಡಿದ್ದು ಎಂದು ಅದು ಪಟ್ಟಿ ಕೊಡುತ್ತದೆ. ಎಳೆ ಹೆಚ್ಚಿದಷ್ಟೂ ಬಲ, ಎಳೆ ಕಡಿಮೆಯಾದಷ್ಟೂ ಮೀನಿನ ಕಣ್ಣಿಗೆ ಮರೆ. ಮುಂದೆ ಬಂದ ರೇಷ್ಮೆ, ನೈಲಾನ್, ಫ್ಲೋರೋಕಾರ್ಬನ್ ಯಾವುದೂ ಈ ಎಳೆದಾಟವನ್ನು ಬಗೆಹರಿಸಲಿಲ್ಲ. ಅದರ ಅಂತರವನ್ನು ಸ್ವಲ್ಪ ಸ್ವಲ್ಪ ಕಿರಿದು ಮಾಡಿದವು.

ಘಟ್ಟದ ಕಾಡಿನಲ್ಲಿ ಕುದುರೆಕೂದಲಿನ ಕೆಲಸ ಮಾಡಿದ್ದು ಗಿಡಮರದ ನಾರು. ಅದರಲ್ಲಿ ಬೈನೆ ಮರದ್ದು ವಿಶೇಷ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡುಗಳಲ್ಲೂ ಅಡಿಕೆ ತೋಟದ ಅಂಚಿನಲ್ಲೂ ಬೆಳೆಯುವ ಈ ತಾಳೆಜಾತಿಯ ಮರ ಕಳ್ಳಿಗೂ ತಿರುಳಿನ ಹಿಟ್ಟಿಗೂ ಹೆಸರಾದದ್ದು. ಅದರ ಎಲೆಯ ಬುಡದ ಪೊರೆಯಲ್ಲಿ ಕಪ್ಪಗೆ, ಬಿರುಸಾಗಿ, ಹೊಳಪಾಗಿ ಬರುವ ನಾರು ನೀರಿನಲ್ಲಿ ಬೇಗ ಕೊಳೆಯುವುದಿಲ್ಲ. ಹಗ್ಗ, ಪೊರಕೆ, ಬ್ರಶ್ಶಿನ ಜೊತೆಗೆ ಗಾಳದ ದಾರಕ್ಕೂ ಅದು ಬಳಕೆಯಾಯಿತು. ಹತ್ತೊಂಬತ್ತನೆಯ ಶತಮಾನದ ಸಸ್ಯಗ್ರಂಥಗಳು ಈ ಬಳಕೆಯನ್ನು ದಾಖಲಿಸಿವೆ. ಇಂಗ್ಲಿಷ್ ವ್ಯಾಪಾರದಲ್ಲಿ ಅದಕ್ಕೆ 'ಇಂಡಿಯನ್ ಗಟ್' ಎಂಬ ಹೆಸರೂ ಬಿದ್ದಿತ್ತು. ಬೈನೆ ನಾರಿನ ಗುಣ ಅದರ ಬಿರುಸು: ಹುರಿ ಮಾಡದ ಒಂಟಿ ಎಳೆಯಾಗಿಯೇ ಅದು ನಿಲ್ಲುತ್ತದೆ, ಗಾಳಕ್ಕೆ ಸುತ್ತಿಕೊಳ್ಳುವುದು ಕಡಿಮೆ. ದೋಷವೂ ಅದೇ ಬಿರುಸು: ಗಂಟು ಹಾಕುವಾಗ ಮುರಿಯುತ್ತದೆ.

ಹತ್ತಿ, ಸಣಬಿನ ದಾರವಾದರೆ ಗಂಟಿಗೆ ಸುಲಭ, ಬಾಳಿಕೆಗೆ ಕಷ್ಟ. ಒದ್ದೆ ದಾರ ಒಣಗದೆ ಉಳಿದರೆ ಕೆಲವೇ ವಾರಗಳಲ್ಲಿ ಕೊಳೆಯುತ್ತದೆ; ಮಳೆಗಾಲದ ಮಲೆನಾಡಿನಲ್ಲಿ ಒಣಗಿಸುವುದೆಲ್ಲಿ? ಅದಕ್ಕೆ ಮದ್ದು ತೊಗರು. ಬಲೆಯನ್ನೂ ದಾರವನ್ನೂ ಚೊಗರು ರಸವಿರುವ ತೊಗಟೆ, ಕಾಯಿಗಳಲ್ಲಿ ಅದ್ದಿ ಬಣ್ಣ ಕಟ್ಟಿಸುವುದು ಪಶ್ಚಿಮ ಕರಾವಳಿಯುದ್ದಕ್ಕೂ ಇದ್ದ ಪದ್ಧತಿ. ತೂಪರದ ಜಾತಿಯ, ಹೊಳೆದಂಡೆಯಲ್ಲಿ ಬೆಳೆಯುವ ಮರವೊಂದರ ಕಾಯಿಯ ಅಂಟು ಇದಕ್ಕೆ ಹೆಸರಾಗಿತ್ತು. ಮತ್ತಿಯ ತೊಗಟೆಯಲ್ಲೂ ಇದೇ ಚೊಗರು ಹೇರಳವಾಗಿದೆ, ಚರ್ಮ ಹದ ಮಾಡಲು ಅದು ಒದಗುತ್ತಿತ್ತು. ಹೀಗೆ ಅದ್ದಿದ ದಾರಕ್ಕೆ ಕಂದು ಬಣ್ಣ ಬರುತ್ತದೆ. ಬಾಳಿಕೆಗೆಂದು ಮಾಡಿದ ಕೆಲಸ ಮಳೆಯ ಕೆನ್ನೀರಿನಲ್ಲಿ ದಾರವನ್ನು ಮರೆಮಾಡುವುದಕ್ಕೂ ಒದಗಿತು.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಘಟ್ಟದ ಊರುಗಳಲ್ಲಿ ಗಾಳ ಎಂದೂ ಮುಖ್ಯ ಸಾಧನವಾಗಿರಲಿಲ್ಲ. ಮೊದಲ ಮಳೆಗೆ ಹಳ್ಳ ಉಕ್ಕಿ ಗದ್ದೆಗೆ ಏರುವ ಹತ್ತುಮೀನನ್ನು ಬಿದಿರಿನ ಕೂಣಿಯಿಟ್ಟು ಹಿಡಿಯುವುದೇ ಹೆಚ್ಚು. ಬೇಸಿಗೆಯಲ್ಲಿ ಗುಂಡಿಗಳಲ್ಲಿ ಉಳಿದ ಮೀನಿಗೆ ಕಾರೆಕಾಯಿ ಅರೆದು ಹಾಕಿ ಅಮಲೇರಿಸುವುದೂ ಇತ್ತು. ಊರಿನ ತೋಟಿಗ ಹವ್ಯಕರು ಮೀನು ಮುಟ್ಟದವರು. ವಾಟೆ ಬಿದಿರಿನ ಕೋಲು, ಬೆಂಡು, ಎರೆಹುಳು ಹಿಡಿದು ಹಳ್ಳದ ದಡದಲ್ಲಿ ಕೂರುವುದು ಉಳಿದವರಿಗೂ ಪುರುಸೊತ್ತಿನ ಕೆಲಸ.

ಕೆನರಾದ ಹೊಳೆಗಳಿಗೆ ಹುಸಿ ನೊಣ, ರಾಟೆ ಮತ್ತು ಲೀಡರಿನ ಶಾಸ್ತ್ರವನ್ನು ತಂದದ್ದು ಬ್ರಿಟಿಷ್ ಅಧಿಕಾರಿಗಳು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿ, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಆ ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಜಿಲ್ಲೆಯ ಮೀನುಗಳ ಬಗ್ಗೆ ಬರೆದ ವರದಿ 1870ರಲ್ಲಿ ಪ್ರಕಟವಾಯಿತು. ವಿಷ ಹಾಕುವುದು, ಸಣ್ಣ ಕಣ್ಣಿನ ಬಲೆ, ಹಳ್ಳಕ್ಕೆ ಅಡ್ಡವಾಗಿ ಕೂಣಿ ಕಟ್ಟುವುದು ಇವುಗಳಿಂದ ಮರಿಮೀನು ನಾಶವಾಗುತ್ತಿದೆ ಎಂಬುದು ಅವನ ವಾದ. ಅವನ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಭಾರತದಲ್ಲಿ ಗಾಳ ಹಾಕುವವರಿಗೆ ಬಹುಕಾಲ ಅದೇ ಕೈಪಿಡಿ. 1881ರಲ್ಲಿ ಎರಡನೆಯ ಮುದ್ರಣ, 1897ರಲ್ಲಿ ಮೂರನೆಯದು ಲಂಡನ್ನಿನಿಂದ ಹೊರಬಂದವು. ವಿಷ ಮತ್ತು ಸಿಡಿಮದ್ದಿನಿಂದ ಮೀನು ಹಿಡಿಯುವುದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯಿದೆ ಬಂದದ್ದೂ 1897ರಲ್ಲೇ. ಥಾಮಸನ ಕಾಳಜಿಯಲ್ಲಿ ಮೀನಿನ ಹಿತದ ಜೊತೆ ಸಾಹೇಬರ ಬೇಟೆಯ ಹಿತವೂ ಬೆರೆತಿತ್ತು. ಹಾಗೆಂದು ಅವನು ಕಂಡ ಹಾನಿ ಸುಳ್ಳಾಗಿರಲಿಲ್ಲ.

ಥಾಮಸನ ಪುಸ್ತಕದ ನಾಯಕ ಮಹಸೀರ್. ತುಳುನಾಡಿನಲ್ಲಿ ಪೆರುವೋಳು, ಕಾವೇರಿಯ ಕಡೆ ಬಿಳಿಮೀನು ಎನಿಸಿಕೊಂಡ ಈ ಮೀನು ಲೀಡರಿನ ಲೆಕ್ಕವನ್ನೇ ತಲೆಕೆಳಗು ಮಾಡಿತು. ಇಂಗ್ಲೆಂಡಿನ ಟ್ರೌಟಿಗೆ ತಕ್ಕ ಎಳೆ ಇದಕ್ಕೆ ಸಾಲದು. ಮಹಸೀರಿನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ಹಾಗಾಗಿ ದಾರವನ್ನು ಕಚ್ಚಿ ತುಂಡರಿಸುವ ಭಯ ಕಡಿಮೆ. ಆದರೆ ಬಾಯನ್ನು ಅಮುಕುವ ಬಲಕ್ಕೆ ಗಾಳವೇ ಅಪ್ಪಚ್ಚಿಯಾಗುತ್ತದೆ ಎಂಬುದನ್ನು ಥಾಮಸ್ ಒತ್ತಿ ಹೇಳಿದ. ಗಾಳ ಕಚ್ಚಿದ ಕ್ಷಣದ ಮೊದಲ ಓಟ ಅತಿ ರಭಸದ್ದು. ಅದೂ ಬಂಡೆಗಳ ನಡುವೆ. ಬಂಡೆಯಂಚಿಗೆ ಉಜ್ಜಿದ ದಾರ ಎಷ್ಟು ಭಾರ ತಾಳೀತೆಂಬ ಲೆಕ್ಕ ಅಂಗಡಿಯ ಚೀಟಿಯಲ್ಲಿ ಇರುವುದಿಲ್ಲ. ಹಾಗಾಗಿ ದೊಡ್ಡ ಮಹಸೀರಿಗೆ ಹಲವು ಎಳೆ ಹುರಿಮಾಡಿದ ಗಟ್ ಅಥವಾ ಲೋಹದ ತಂತಿ, ತಿಳಿನೀರಿನ ಚಿಕ್ಕ ಮೀನಿಗೆ ಒಂಟಿ ಎಳೆಯ ಗಟ್ ಎಂಬ ವಿಭಾಗ ಬೆಳೆಯಿತು.

ಗಟ್ ಎಂದರೆ ಕರುಳು ಎಂಬ ಅರ್ಥವಿದ್ದರೂ ಇದು ಕುರಿಯ ಕರುಳಲ್ಲ, ರೇಷ್ಮೆಹುಳುವಿನ ಒಳಗಿನ ರೇಷ್ಮೆ ಚೀಲ. ಸ್ಪೇನಿನ ಮುರ್ಸಿಯಾ ಪ್ರಾಂತ್ಯ ಇದರ ಕೇಂದ್ರ. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ವಿನೆಗರಿನಲ್ಲಿ ನೆನೆಹಾಕಿ, ಸೀಳಿ, ಒಳಗಿನ ಎರಡು ರೇಷ್ಮೆ ಚೀಲಗಳನ್ನು ಹೊರತೆಗೆದು ಒಂದೊಂದನ್ನೂ ಎರಡು ಕೈಯಿಂದ ಎಳೆಯುತ್ತಿದ್ದರು. ಹುಳು ಬಾಯಿಂದ ನೂತಿದ್ದರೆ ಕೂದಲಿಗಿಂತ ಸಣ್ಣಗೆ ನೂರಾರು ಗಜ ಬರುತ್ತಿದ್ದ ದ್ರವ ಹೀಗೆ ಗೇಣು-ಮೊಳದಷ್ಟೇ ಉದ್ದದ, ದಪ್ಪನೆಯ, ಪಾರದರ್ಶಕ ಎಳೆಯಾಗಿ ಗಟ್ಟಿಯಾಗುತ್ತಿತ್ತು. ಒಂದು ಹುಳುವಿಗೆ ಎರಡೇ ಎಳೆ. ತೊಳೆದು, ಒಣಗಿಸಿ, ಹೊಳಪು ಕೊಟ್ಟು, ದಪ್ಪಕ್ಕೆ ತಕ್ಕಂತೆ ವಿಂಗಡಿಸಿ, ಕಟ್ಟು ಕಟ್ಟಿ ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಒಂಬತ್ತು ಅಡಿಯ ಲೀಡರ್ ಬೇಕೆಂದರೆ ದಪ್ಪದಿಂದ ಸಣ್ಣದಕ್ಕೆ ಇಂಥ ಹಲವು ತುಂಡುಗಳನ್ನು ಗಂಟು ಹಾಕುತ್ತ ಹೋಗಬೇಕು. ಬುಡದಿಂದ ತುದಿಗೆ ಸಣ್ಣಗಾಗುವ ಲೀಡರಿನ ರೂಪ ಬಲಗೊಂಡದ್ದು ಹೀಗೆ, ಗಿಡ್ಡ ಎಳೆಗಳ ಅನಿವಾರ್ಯತೆಯಿಂದ.

ಇಂದಿಗೂ ಟಿಪ್ಪೆಟ್ಟಿನ ಸುರುಳಿಯ ಮೇಲೆ ಅಚ್ಚಾಗುವ 'ಎಕ್ಸ್' ಗುರುತೂ ಅಲ್ಲಿಂದಲೇ ಬಂದದ್ದು. ಹುಳುವಿನಿಂದ ಬಂದ ಎಳೆ ಇನ್ನೂ ಸಣ್ಣದಾಗಬೇಕಾದರೆ ಲೋಹದ ತಗಡಿನ ತೂತಿನಲ್ಲಿ ತೂರಿಸಿ ಎಳೆದು ಮೇಲ್ಮೈ ಕೆರೆಯುತ್ತಿದ್ದರು. ಒಮ್ಮೆ ಎಳೆದದ್ದು 1ಎಕ್ಸ್, ಎರಡು ಸಲ ಎಳೆದದ್ದು 2ಎಕ್ಸ್. ಮುಂದೆ ಇದೇ ಅಳತೆ ಅಂಗುಲದ ಸಾವಿರದೊಂದು ಪಾಲಿಗೆ ಕೂಡಿಕೊಂಡಿತು: 11ರಿಂದ ಎಕ್ಸ್ ಸಂಖ್ಯೆಯನ್ನು ಕಳೆದರೆ ದಪ್ಪ ಸಿಗುತ್ತದೆ. 0ಎಕ್ಸ್ ಎಂದರೆ 0.011 ಅಂಗುಲ, ಸುಮಾರು 0.28 ಮಿ.ಮೀ, 4ಎಕ್ಸ್ ಎಂದರೆ 0.007 ಅಂಗುಲ, ಸುಮಾರು 0.18 ಮಿ.ಮೀ. ತೂತಿನಲ್ಲಿ ಎಳೆಯುವ ಕಸುಬು ಹೋಗಿ ದಶಕಗಳಾದರೂ ಅದರ ಎಣಿಕೆ ಉಳಿದಿದೆ. ಸಂಖ್ಯೆ ದೊಡ್ಡದಾದಷ್ಟೂ ಎಳೆ ಸಣ್ಣದಾಗುವ ಈ ಉಲ್ಟಾ ಲೆಕ್ಕ ಹೊಸಬರನ್ನು ಇನ್ನೂ ಕಾಡುತ್ತದೆ.

ರೇಷ್ಮೆಗೆ ಹೆಸರಾದ ಮೈಸೂರು ಸೀಮೆಯಿದ್ದೂ ಅದರ ಹೊಳೆಗಳಲ್ಲಿ ಬೀಸಿದ ಗಟ್ ಸ್ಪೇನಿನಿಂದ ಬಂತೆಂಬುದು ವಿಚಿತ್ರವಾಗಿ ಕಾಣಬಹುದು. ಟಿಪ್ಪು ಸುಲ್ತಾನನ ಕಾಲದಲ್ಲಿ ಬೇರೂರಿದ ರೇಷ್ಮೆ ಕೃಷಿಗೆ 1896ರಲ್ಲಿ ಬೆಂಗಳೂರಿನಲ್ಲಿ ಜೆ. ಎನ್. ಟಾಟಾ ತೆರೆದ ರೇಷ್ಮೆ ಫಾರಂ ಹೊಸ ಬಲ ಕೊಟ್ಟಿತು. ಆದರೆ ವರ್ಷಕ್ಕೆ ಹಲವು ಬೆಳೆ ಕೊಡುವ ಮೈಸೂರು ತಳಿಯ ಹುಳು ಮೈಯಲ್ಲಿ ಚಿಕ್ಕದು, ಅದರ ಗೂಡಿನಲ್ಲಿ ರೇಷ್ಮೆ ಕಡಿಮೆ. ಗಟ್ಟಿಗೆ ಬೇಕಾದದ್ದು ವರ್ಷಕ್ಕೊಂದೇ ಬೆಳೆಯ ದಪ್ಪ ಹುಳು. ಮೇಲಾಗಿ ಗೂಡಿಗೆ ಸಿದ್ಧ ಮಾರುಕಟ್ಟೆಯಿದ್ದ ರೈತನಿಗೆ ಹುಳುವನ್ನು ವಿನೆಗರಿಗೆ ಹಾಕುವ ಗರಜೂ ಇರಲಿಲ್ಲ.

ಗಟ್ಟಿನ ಚೆಂದಕ್ಕೆ ತಕ್ಕಷ್ಟೇ ಅದರ ಕಾಟ. ಒಣಗಿದಾಗ ಅದು ಕಡ್ಡಿಯಂತೆ ಮುರಿಯುತ್ತದೆ. ಗಂಟು ಹಾಕುವ ಮೊದಲು ನೀರಿನಲ್ಲಿ ನೆನೆಸಲೇಬೇಕು. ಬಿಸಿಲು ಬಿದ್ದರೆ ಬಲ ಕುಗ್ಗುತ್ತದೆ, ಹಾಗಾಗಿ ಕತ್ತಲಲ್ಲಿ ಸುತ್ತಿಡಬೇಕು. ಇಂಗ್ಲೆಂಡಿನ ತಂಪಿಗೆ ಒಗ್ಗಿದ ಈ ವಸ್ತು ದಕ್ಷಿಣ ಭಾರತದ ಸೆಕೆಯಲ್ಲಿ ವರ್ಷ ದಾಟಿದ ಮೇಲೆ ನಂಬಿಕೆಗೆ ಉಳಿಯುತ್ತಿರಲಿಲ್ಲ. ಹಿಂದಿನ ವರ್ಷ ಮಿಕ್ಕ ಗಟ್ಟನ್ನು ಎಳೆದು ನೋಡದೆ ಕಟ್ಟುವವನಿಗೆ ದೊಡ್ಡ ಮೀನಿನ ಕತೆ ಮಾತ್ರ ದಕ್ಕುತ್ತಿತ್ತು. ದೊಡ್ಡ ಮೀನಿನ ಕತೆಗಳಲ್ಲಿ ದಾಖಲೆಗೆ ನಿಂತದ್ದು ಮೈಸೂರಿನದು: ಬೇಟೆಪ್ರಾಣಿಗಳ ಚರ್ಮ ಹದಮಾಡಿ ತುಂಬುವ ಕಸುಬಿಗೆ ಹೆಸರಾದ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ 54 ಕಿಲೋ ಮೀರಿದ ಮಹಸೀರನ್ನು ಹಿಡಿದರು.

ಆ ಹೊತ್ತಿಗೆ ಗಟ್ಟಿನ ಕಾಲ ಮುಗಿಯುತ್ತ ಬಂದಿತ್ತು. ಸ್ಪೇನಿನ ಅಂತರ್ಯುದ್ಧ 1936ರಿಂದ 1939ರವರೆಗೆ ಮುರ್ಸಿಯಾದ ವ್ಯಾಪಾರವನ್ನು ಕೆಡಿಸಿತು. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿ ನೈಲಾನನ್ನು ಜಗತ್ತಿಗೆ ಪ್ರಕಟಿಸಿತು, ಮರುವರ್ಷವೇ ಅದರ ಒಂಟಿ ಎಳೆಯ ಗಾಳದ ದಾರ ತಯಾರಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದು ಎಲ್ಲೆಡೆ ಹರಡಿತು. ನೈಲಾನ್ ನೆನೆಸಬೇಕಿಲ್ಲ, ಕೊಳೆಯುವುದಿಲ್ಲ, ಎಷ್ಟುದ್ದ ಬೇಕೋ ಅಷ್ಟುದ್ದ ಸಿಗುತ್ತದೆ. ಗಂಟೇ ಇಲ್ಲದೆ ಬುಡದಿಂದ ತುದಿಗೆ ಸಣ್ಣಗಾಗುವ ಲೀಡರನ್ನೂ ಯಂತ್ರದಲ್ಲಿ ಎಳೆಯಬಹುದು. ದೋಷಗಳಿಲ್ಲದಿಲ್ಲ. ಅದು ನೀರು ಹೀರಿ ತುಸು ಬಲ ಕಳೆದುಕೊಳ್ಳುತ್ತದೆ, ಬಿಸಿಲಿಗೆ ಸವೆಯುತ್ತದೆ, ಒಣ ಗಂಟನ್ನು ಬಿಗಿದರೆ ಉಜ್ಜಿದ ಕಾವಿಗೇ ಸೊರಗುತ್ತದೆ. ಗಂಟಿಗೆ ಎಂಜಲು ಹಚ್ಚಿ ಎಳೆಯುವ ಅಭ್ಯಾಸ ಈ ಕಾರಣಕ್ಕೆ.

ಮಲೆನಾಡಿನ ಹಳ್ಳಗಳಿಗೆ ನೈಲಾನ್ ಬಂದದ್ದು ಸಾಹೇಬರ ಪೆಟ್ಟಿಗೆಯಲ್ಲಲ್ಲ, ಸಂತೆಯ ಅಂಗಡಿಯಲ್ಲಿ, ತಂಗೂಸು ಎಂಬ ಹೆಸರಿನಲ್ಲಿ. ಬೈನೆ ನಾರು, ತೊಗರು ಕಟ್ಟಿದ ಹತ್ತಿ ದಾರ ಎರಡನ್ನೂ ಅದು ಒಟ್ಟಿಗೇ ಮೂಲೆಗೆ ತಳ್ಳಿತು. ನೂರು ವರ್ಷ ಸಾಹೇಬರ ಗಾಳಕ್ಕೂ ಊರವರ ಗಾಳಕ್ಕೂ ಇದ್ದ ದೊಡ್ಡ ಅಂತರ ದಾರದ ಮಟ್ಟಿಗೆ ಅಳಿಸಿಹೋದದ್ದು ಇಲ್ಲಿ. ಕೆಲವು ರೂಪಾಯಿಯ ತಂಗೂಸಿನ ಸುರುಳಿ ಮುರ್ಸಿಯಾದ ಅತ್ಯುತ್ತಮ ಗಟ್ಟಿಗಿಂತ ನಂಬಿಗಸ್ತವಾಗಿತ್ತು. ಊರಿನ ಗಾಳಗಾರ ಕೋಲಿನಿಂದ ಗಾಳದವರೆಗೆ ಒಂದೇ ದಪ್ಪದ ತಂಗೂಸು ಕಟ್ಟುತ್ತಾನೆ. ಲೀಡರ್ ಎಂಬ ಬೇರೆ ತುಂಡು ಅವನಿಗೆ ಬೇಡ, ಏಕೆಂದರೆ ಅವನು ಎಸೆಯುವುದು ಎರೆಹುಳುವಿನ ಮತ್ತು ಸೀಸದ ತೂಕವನ್ನು. ಆದರೂ ಗಾಳ ಕಲ್ಲಿಗೆ ಸಿಕ್ಕಿದಾಗ ಇಡೀ ದಾರ ಹೋಗದಿರಲೆಂದು ತುದಿಗೆ ಒಂದು ಗೇಣು ಸಣ್ಣ ತಂಗೂಸು ಸೇರಿಸುವುದುಂಟು. ಟಿಪ್ಪೆಟ್ಟಿನ ತರ್ಕ ಅಲ್ಲಿ ಪೂರ್ತಿ ಇದೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ (1938–2007) ಗಾಳದ ಗೀಳನ್ನು ಕನ್ನಡ ಗದ್ಯಕ್ಕೆ ತಂದ ಮೇಲೆ ಈ ಹವ್ಯಾಸಕ್ಕೆ ಓದುಗರ ಲೋಕದಲ್ಲೂ ಒಂದು ಸ್ಥಾನ ಸಿಕ್ಕಿತು.

ಕರ್ನಾಟಕದಲ್ಲಿ ದಾರದ ನಿಜವಾದ ಪರೀಕ್ಷೆ ನಡೆದದ್ದು ಮೇಕೆದಾಟಿನ ಮೇಲೆ ಕೆಳಗೆ ಕಾವೇರಿ ಬಂಡೆಗಳ ನಡುವೆ ಹರಿಯುವ ಜಾಗದಲ್ಲಿ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಅದೇ ದಶಕದ ಕೊನೆಗೆ ಇಂಗ್ಲೆಂಡಿನಿಂದ ಬಂದ ಮೂವರ ತಂಡ ಇಲ್ಲಿ ದೊಡ್ಡ ಮಹಸೀರ್ ಇನ್ನೂ ಉಳಿದಿವೆ ಎಂದು ತೋರಿಸಿದ ಮೇಲೆ ಹೊರದೇಶದ ಗಾಳಗಾರರು ಬರತೊಡಗಿದರು. 1980ರಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಬಿಡಾರ ಹೂಡಿತು. ಮೇವು ರಾಗಿ ಹಿಟ್ಟಿನ ಉಂಡೆ. ಹುಸಿ ನೊಣಕ್ಕೆ ಇಲ್ಲಿ ಹೆಚ್ಚು ಜಾಗವಿರಲಿಲ್ಲ. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಹೊಳೆಗೇ ಬಿಡಬೇಕು ಎಂಬ ನಿಯಮ ದಾರದ ಆಯ್ಕೆಯನ್ನು ಬದಲಿಸಿತು. ಸಣ್ಣ ಎಳೆಯಲ್ಲಿ ದೊಡ್ಡ ಮೀನನ್ನು ಗಂಟೆಗಟ್ಟಲೆ ಆಡಿಸುವುದು ಹಿಂದಿನವರಿಗೆ ಜಾಣ್ಮೆಯ ಗುರುತು. ಬಿಡುವ ಮೀನಿಗೆ ಅದು ಸಾವಿನ ಬಾಬತ್ತು. ದಣಿದು ಬಸವಳಿದ ಮೀನು ಬಿಟ್ಟ ಮೇಲೂ ಸಾಯಬಹುದು. ಹಾಗಾಗಿ ಬೇಗ ದಡಕ್ಕೆ ತರುವಷ್ಟು ದಪ್ಪ ಎಳೆ ಕಟ್ಟುವುದೇ ಸರಿಯೆನಿಸಿತು.

ಈ ಅಧ್ಯಾಯ 2012ರಲ್ಲಿ ಮುಗಿಯಿತು. ಕಾವೇರಿ ವನ್ಯಧಾಮದ ಒಳಗೆ ಗಾಳ ಹಾಕುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಬೇಟೆಗೆ ಸಮವೆಂದು ನಿಂತುಹೋಯಿತು. ಕಾವೇರಿಯ ಗೂನುಬೆನ್ನಿನ ಮಹಸೀರಿಗೆ ಅದುವರೆಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. 2018ರಲ್ಲಿ ಅದು ಟಾರ್ ರೆಮದೇವಿಐ ಎಂದು ಗುರುತಾಗಿ, ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಪ್ರಭೇದಗಳ ಕೆಂಪು ಪಟ್ಟಿಗೆ ಅತಿ ಗಂಡಾಂತರದ ಸ್ಥಿತಿಯಲ್ಲಿ ಸೇರಿತು. ಗಾಳ ನಿಂತದ್ದರಿಂದ ಮೀನು ಉಳಿಯಿತೇ, ಕಾವಲು ತಪ್ಪಿದ್ದರಿಂದ ಸಿಡಿಮದ್ದಿನವರಿಗೆ ಅನುಕೂಲವಾಯಿತೇ ಎಂಬ ವಾದ ಇನ್ನೂ ಮುಗಿದಿಲ್ಲ. ಕೊಡಗಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ವಾಲ್ನೂರಿನ ಬಳಿ ಕಾಯ್ದುಕೊಂಡ ಕಾವೇರಿಯ ಭಾಗ ವನ್ಯಧಾಮದ ಹೊರಗಿನದು.

ಇತ್ತೀಚಿನ ವಸ್ತು ಫ್ಲೋರೋಕಾರ್ಬನ್. 1970ರ ದಶಕದ ಆರಂಭದಲ್ಲಿ ಜಪಾನಿನ ಕುರೇಹಾ ಕಂಪನಿ ಇದರಿಂದ ಗಾಳದ ದಾರ ಮಾಡಿತು. ಬೆಳಕನ್ನು ಬಾಗಿಸುವ ಅಂಕ ನೀರಿಗೆ 1.33, ಇದಕ್ಕೆ ಸುಮಾರು 1.42, ನೈಲಾನಿಗೆ 1.53ರ ಆಸುಪಾಸು, ನೀರಿಗೆ ಹತ್ತಿರವಾದಷ್ಟೂ ಎಳೆ ಕಾಣುವುದು ಕಡಿಮೆ. ಇದು ನೀರು ಹೀರುವುದಿಲ್ಲ, ಬಂಡೆಯ ಉಜ್ಜಾಟಕ್ಕೆ ಚೆನ್ನಾಗಿ ತಾಳುತ್ತದೆ, ನೈಲಾನಿಗಿಂತ ಭಾರವಾದ್ದರಿಂದ ಬೇಗ ಮುಳುಗುತ್ತದೆ. ಮುಳುಗುವ ನೊಣಕ್ಕೆ ಇದು ಒಳ್ಳೆಯದು, ತೇಲುವ ನೊಣಕ್ಕೆ ನೈಲಾನೇ ವಾಸಿ. ಹೊಳೆಯಲ್ಲಿ ಕಿತ್ತುಹೋದ ತುಂಡು ಬಹುಕಾಲ ಕರಗದೆ ಉಳಿದು ಹಕ್ಕಿಯ ಕಾಲಿಗೆ, ಆಮೆಯ ಕತ್ತಿಗೆ ಉರುಳಾಗುವುದು ಎರಡರದ್ದೂ ಸಮಾನ ದೋಷ. ಬೈನೆ ನಾರಿಗೂ ಗಟ್ಟಿಗೂ ಈ ಪಾಪ ಅಂಟಿರಲಿಲ್ಲ.

ಇವಿಷ್ಟನ್ನೂ ಘಟ್ಟದ ಹಳ್ಳಕ್ಕೆ ಹೊಂದಿಸಿದರೆ ಆಯ್ಕೆ ಮೀನಿನ ತೂಕಕ್ಕಿಂತ ಹೆಚ್ಚಾಗಿ ನೀರಿನ ಮೇಲೆ ನಿಲ್ಲುತ್ತದೆ. ಮಳೆಗಾಲದ ಕೆನ್ನೀರಿನಲ್ಲಿ ದಾರ ಕಾಣುವ ಭಯವಿಲ್ಲ, ಸೆಳವಿನ ಭಯವಿದೆ: ಏಳೆಂಟು ಅಡಿಯ ಲೀಡರ್, ದಪ್ಪ ಎಳೆ. ನವೆಂಬರ್ ಕಳೆದು ಹಳ್ಳ ತಿಳಿಯಾಗಿ ತಳದ ಹರಳು ಎಣಿಸುವಂತಾದಾಗ ಒಂಬತ್ತರಿಂದ ಹನ್ನೆರಡು ಅಡಿ, ತುದಿಗೆ 5ಎಕ್ಸ್ ಅಥವಾ 6ಎಕ್ಸ್. ಬೆರಳುದ್ದದ, ನೀರ ಮೇಲಿನ ನೊಣಕ್ಕೆ ಹಾರುವ ಬೆಳ್ಳಿಮೈಯ ಮೀನುಗಳಿಗೆ ಅದು ಸಾಕು. ಗಾಳದ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ಟಿಪ್ಪೆಟ್ಟಿನ ಎಕ್ಸ್ ಸಿಗುತ್ತದೆ ಎಂಬ ರೂಢಿಯ ಸೂತ್ರದಂತೆ 12ರ ಗಾಳಕ್ಕೆ 4ಎಕ್ಸ್ ಹೊಂದುತ್ತದೆ. ಹೆಚ್ಚು ಸಣ್ಣದಾದರೆ ನೊಣ ತಿರುಗಿ ಎಳೆ ಮುರುಟುತ್ತದೆ, ಹೆಚ್ಚು ದಪ್ಪವಾದರೆ ನೊಣ ಕಡ್ಡಿಗೆ ಕಟ್ಟಿದಂತೆ ಬಿಗಿದು ನಿಲ್ಲುತ್ತದೆ. ಅತ್ತಿ, ನೇರಳೆ ಹಣ್ಣು ಉದುರುವ ಮಡುಗಳಲ್ಲಿ ಹಣ್ಣು ತಿನ್ನುವ ಮಹಸೀರ್ ಜಾತಿಯವು ಇದ್ದರೆ 0ಎಕ್ಸ್‌ಗೂ ದಪ್ಪ ಬೇಕು. ಹಲ್ಲಿರುವ ಕೊರವ ಮೀನಿಗೆ ಸಣ್ಣ ಎಳೆಯನ್ನು ಕಟ್ಟುವುದು ಗಾಳವನ್ನು ದಾನ ಕೊಟ್ಟಂತೆ.

ಈ ಲೆಕ್ಕವನ್ನು ಯಾವ ಹೊಳೆಯಲ್ಲಿ ಪ್ರಯೋಗಿಸಬಹುದು ಎಂಬುದು ಈಗ ಕಾನೂನಿನ ಪ್ರಶ್ನೆ. ಮೈಸೂರು ಸಂಸ್ಥಾನದ 1901ರ ಬೇಟೆ ಮತ್ತು ಮೀನು ಸಂರಕ್ಷಣೆಯ ಶಾಸನದ ಜಾಗದಲ್ಲಿ ಕರ್ನಾಟಕದ 1996ರ ಒಳನಾಡು ಮೀನುಗಾರಿಕೆ ಕಾಯಿದೆ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಅಘನಾಶಿನಿ ಮತ್ತು ಬೇಡ್ತಿ ಕಣಿವೆಗಳ ಕಾಡು 2011ರಲ್ಲಿ, ಶಾಲ್ಮಲೆಯ ದಂಡೆ 2012ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶಗಳಾದವು. ಅಘನಾಶಿನಿಯ ಸಿಂಗಳೀಕ ಮೀಸಲು ಮುಂದೆ 2019ರಲ್ಲಿ ಶರಾವತಿ ಕಣಿವೆಯ ವನ್ಯಧಾಮಕ್ಕೆ ಸೇರಿತು. ವನ್ಯಧಾಮದ ಗಡಿಯೊಳಗೆ ಹಿಡಿದು ಬಿಡುವ ಗಾಳಕ್ಕೂ ಕಾವೇರಿಗೆ ಅನ್ವಯಿಸಿದ ಕಾಯಿದೆಯೇ ಅನ್ವಯಿಸುತ್ತದೆ. ಹೊರಗಿನ ಹೊಳೆಯಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಅಥವಾ ಗುತ್ತಿಗೆದಾರರ ಒಪ್ಪಿಗೆ ಕೇಳಬೇಕಾಗುತ್ತದೆ.